‘ಟ್ಯಾಂಕ್’ ಎಂಬ ಮಾತು

ಇಂಗ್ಲಿಷಿನಿಂದ ಕನ್ನಡನಾಡಿಗೆ ಬಂದ ಮಾತುಗಳಲ್ಲಿ ಕೆಲವು ಕಚೇರಿಯ ಮೆಟ್ಟಿಲನ್ನು ಇಳಿಯಲೇ ಇಲ್ಲ. ಕೆಲವು ಅಂಗಡಿಯ ಹಲಗೆಯ ಮೇಲೆ ನಿಂತುಬಿಟ್ಟುವು. ಮತ್ತೆ ಕೆಲವು ನೇರವಾಗಿ ಬಚ್ಚಲುಮನೆ ಅಡಿಗೆಮನೆಗಳವರೆಗೂ ನಡೆದುಬಂದುವು. ‘ಟ್ಯಾಂಕ್’ ಈ ಕಡೆಯ ಗುಂಪಿಗೆ ಸೇರಿದುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಊರುಗಳಲ್ಲಿ ಯಾವ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದುಹೋದರೂ ಇದು ಕಿವಿಗೆ ಬೀಳದೆ ಇರದು. ಟ್ಯಾಂಕು ತುಂಬಿತೆ, ಟ್ಯಾಂಕಿನಲ್ಲಿ ಎಷ್ಟಿದೆ, ಟ್ಯಾಂಕನ್ನು ತೊಳೆಸಿ ಎಷ್ಟು ದಿನವಾಯಿತು ಎಂದು ಇಂಗ್ಲಿಷಿನ ಒಂದಕ್ಷರವನ್ನೂ ಕಲಿಯದ ಅಜ್ಜಿಯೂ ವಿಭಕ್ತಿಪ್ರತ್ಯಯಗಳನ್ನು ಒಂದಿಷ್ಟೂ ತಪ್ಪದೆ ಹಚ್ಚಿ ಮಾತನಾಡುತ್ತಾಳೆ. ಇಂಥ ಮಾತನ್ನು ಪರಭಾಷೆಯದೆಂದು ಎತ್ತಿ ಹೊರಗಿಡುವುದು ವ್ಯಾಕರಣಕ್ಕೂ ಆಗದ ಕೆಲಸ, ಗೃಹಕೃತ್ಯಕ್ಕೂ ಆಗದ ಕೆಲಸ.

ಆ ಪದಾರ್ಥಕ್ಕೆ ಕನ್ನಡದಲ್ಲಿ ಹೆಸರಿರಲಿಲ್ಲವೆಂದಲ್ಲ. ‘ತೊಟ್ಟಿ’ ಎಂಬ ಅಚ್ಚಗನ್ನಡದ ಮಾತು ಬಾವಿಯ ಪಕ್ಕದಲ್ಲಿ, ಹಸುಗಳ ಮುಂದೆ, ಬಚ್ಚಲಿನ ಮೂಲೆಯಲ್ಲಿ ಬಹುಕಾಲದಿಂದ ಇದ್ದೇ ಇದ್ದಿತು. ಆದರೆ ತೊಟ್ಟಿ ನೆಲವನ್ನು ಬಿಟ್ಟು ಮೇಲೇರಿದುದಲ್ಲ. ಮಾಳಿಗೆಯ ಮೇಲೆ ಕುಳಿತು ಕೊಳವೆಯ ಮೂಲಕ ಕೆಳಕ್ಕೆ ನೀರು ಬಿಡುವ ಈ ಹೊಸ ಪಾತ್ರೆಗೆ ಹಳೆಯ ಹೆಸರು ಹೊಂದಲಿಲ್ಲವೆಂದು ತೋರುತ್ತದೆ. ಹೆಸರು ವಸ್ತುವಿನೊಡನೆಯೇ ಬಂದಿತು.

ವಿಚಿತ್ರವೇನೆಂದರೆ, ಈ ಊರುಗಳ ಹಳೆಯ ಇಂಗ್ಲಿಷ್ ದಫ್ತರಗಳನ್ನು ತೆರೆದರೂ ಪುಟಪುಟಕ್ಕೆ ಇದೇ ಮಾತು ಸಿಕ್ಕುತ್ತದೆ. ಅಲ್ಲಿ ಮಾತ್ರ ಟ್ಯಾಂಕ್ ಎಂದರೆ ಮಾಳಿಗೆಯ ಮೇಲಿನ ಪಾತ್ರೆಯಲ್ಲ, ಕೆರೆ. ಸಾವಿರ ಲೀಟರು ಹಿಡಿಯುವುದಕ್ಕೂ ನೂರಾರು ಎಕರೆ ಹರಡುವುದಕ್ಕೂ ಒಂದೇ ಹೆಸರು. ಇಂಗ್ಲಿಷ್ ಬಲ್ಲ ಮನೆಗಳಲ್ಲಿ ತಾತ ಬರೆದ ಅರ್ಜಿಯ ಟ್ಯಾಂಕೂ ಮೊಮ್ಮಗ ಕೊಂಡುತಂದ ಟ್ಯಾಂಕೂ ಒಂದೇ ಮಾತೆಂಬುದು ಯಾರ ಗಮನಕ್ಕೂ ಬಾರದೆ ನಡೆದುಹೋಗಿದೆ. ಒಂದು ಮಾತು ಹೀಗೆ ಕೆರೆಯಿಂದ ಪಾತ್ರೆಗೆ ಇಳಿದುದು ಕೇವಲ ನಿಘಂಟುಕಾರರ ವಿನೋದವಲ್ಲ. ಜಿಲ್ಲೆಯ ನೀರಿನ ಕಥೆಯೇ ಅದರಲ್ಲಿ ಅಡಗಿದೆ.

ಈ ಮಾತಿನ ಹುಟ್ಟನ್ನು ಮೊದಲು ನೋಡಬಹುದು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು ಕೂಡಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶ 1886ರಲ್ಲಿ ಅಚ್ಚಾಯಿತು. ಹಿಂದೂಸ್ಥಾನದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಸೇರಿಹೋದ ದೇಶೀಯ ಶಬ್ದಗಳ ಭಂಡಾರ ಅದು. ಟ್ಯಾಂಕ್ ಎಂಬುದಕ್ಕೆ ಅಲ್ಲಿ ಎರಡು ತಾಯಿಬೇರುಗಳನ್ನು ಹೇಳಿದೆ. ಒಂದು ಗುಜರಾತು ರಾಜಸ್ಥಾನಗಳ ‘ಟಾಂಕಾ’. ಇನ್ನೊಂದು ಪೋರ್ತುಗೀಸರ ‘ಟಾಂಕೆ’. ಎರಡನೆಯದರ ಮೂಲ ಲ್ಯಾಟಿನ್ನಿನ ‘ಸ್ಟಾಗ್ನುಮ್’, ಅಂದರೆ ನಿಂತ ನೀರು. ಎರಡೂ ಪಶ್ಚಿಮ ಕರಾವಳಿಯಲ್ಲಿ ಎದುರುಬದುರಾಗಿ ಸೇರಿ 17ನೆಯ ಶತಮಾನದಲ್ಲಿ ಇಂಗ್ಲಿಷಿನೊಳಗೆ ಒಂದಾಗಿ ನುಗ್ಗಿರಬೇಕು. ಸಂಸ್ಕೃತದ ತಟಾಕದೊಡನೆ ಇದಕ್ಕೆ ನಂಟನ್ನು ಹುಡುಕುವವರೂ ಉಂಟು.

ಗುಜರಾತಿನ ಟಾಂಕಾ ಎಂಬುದು ಮನೆಯ ಅಂಗಳದ ಕೆಳಗೆ ನೆಲವನ್ನು ತೋಡಿ, ಗಾರೆಮಾಡಿ, ಮಾಡಿನ ಮಳೆನೀರನ್ನು ಕೂಡಿಡುವ ಗೂಡು. ಅಹಮದಾಬಾದಿನ ಹಳೆಯ ಮನೆಗಳಲ್ಲಿ ಇವು ಈಗಲೂ ಇವೆ. ಅದು ನಿಜವಾಗಿ ಪಾತ್ರೆಯೇ: ನಾಲ್ಕು ಗೋಡೆ, ಒಂದು ಬಾಯಿ, ಒಬ್ಬ ಯಜಮಾನ. ಅಲ್ಲಿ ಆ ಮಾತಿನಲ್ಲಿ ಕುಂದೇನೂ ಇಲ್ಲ. ಕುಂದು ಉಂಟಾದುದು ಆ ಮಾತನ್ನು ಕೈಯಲ್ಲಿ ಹಿಡಿದು ದಕ್ಷಿಣಕ್ಕೆ ಬಂದ ಅಧಿಕಾರಿಗಳು ಕಂಡಕಂಡ ನೀರಿಗೆಲ್ಲ ಅದನ್ನೇ ಇಟ್ಟುದರಿಂದ. ಕೆರೆಯೂ ಟ್ಯಾಂಕ್, ಕಟ್ಟೆಯೂ ಟ್ಯಾಂಕ್, ಕುಂಟೆಯೂ ಟ್ಯಾಂಕ್. ಕೋಲಾರದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯೂ ಟ್ಯಾಂಕೇ. ದನ ತೊಳೆಯುವ ಕುಂಟೆಗೂ ದೇವರ ಪುಷ್ಕರಿಣಿಗೂ ಭೇದವೆಣಿಸದ ಆ ಸಮದೃಷ್ಟಿ ವೇದಾಂತಿಗಳಿಗೆ ಒಪ್ಪುವಂತಹುದು, ಬೇಸಾಯಗಾರರಿಗೆ ಒಪ್ಪುವುದಲ್ಲ.

ಕನ್ನಡದ ಕೆರೆ ಬೇರೆ ಕುಲದ ಮಾತು. ಹಳಗನ್ನಡದಲ್ಲಿ ಇದನ್ನು ಶಕಟರೇಫವಿಟ್ಟು ‘ಕೆಱೆ’ ಎಂದು ಬರೆಯುತ್ತಿದ್ದರು. ತೆಲುಗಿನ ಚೆರುವು, ತಮಿಳಿನ ಚಿರೈ ಇದರ ಒಡಹುಟ್ಟುಗಳೆಂದು ದ್ರಾವಿಡ ಭಾಷಾಪಂಡಿತರು ಹೇಳುತ್ತಾರೆ. ತಮಿಳಿನಲ್ಲಿ ಚಿರೈ ಎಂದರೆ ಸೆರೆಮನೆಯೂ ಹೌದು. ಹರಿಯುವುದನ್ನು ತಡೆದು ನಿಲ್ಲಿಸುವುದೆಂಬ ಅರ್ಥ ಇದರಿಂದ ಹೊಳೆಯುತ್ತದೆ. ಮುಳಬಾಗಿಲು ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಮನೆಮಾತು ಬಹುಮಟ್ಟಿಗೆ ತೆಲುಗು; ಅಲ್ಲಿ ಕೆರೆಯೂ ಚೆರುವೂ ಒಂದೇ ನಾಲಗೆಯ ಮೇಲೆ ಜಗಳವಿಲ್ಲದೆ ಇರುತ್ತವೆ. ಮಾಲೂರಿನಿಂದ ಗಡಿ ದಾಟಿ ಹೊಸೂರಿನ ಕಡೆ ಹೋದರೆ ಮಾತ್ರ ಸ್ವಲ್ಪ ಎಚ್ಚರ ಬೇಕು. ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ, ಅದರ ಮೇಲೆ ನಡೆಯಬಹುದು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ, ಅದರೊಳಗೆ ಈಜಬೇಕು.

ಇನ್ನು ಕೆರೆಗಳ ಅಂಕಿತನಾಮಗಳಂತೂ ಕೇಳಲು ಸೊಗಸು. ಲಕ್ಷ್ಮೀಸಾಗರ, ರಾಮಸಾಗರ, ಊರೂರಿಗೂ ಒಂದೊಂದು ಸಾಗರ, ಒಂದೊಂದು ಸಮುದ್ರ, ಒಂದೊಂದು ಅಂಬುಧಿ. ಕಡಲಿನಿಂದ ಇಷ್ಟು ದೂರದಲ್ಲಿ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ನಾಡಿನಲ್ಲಿ, ಮೂರು ತಿಂಗಳ ಮಳೆನೀರನ್ನು ಮಣ್ಣಿನ ಕಟ್ಟೆಯ ಹಿಂದೆ ನಿಲ್ಲಿಸಿದವರು ಅದನ್ನು ಸಮುದ್ರವೆಂದರು. ಅದೇ ನೀರನ್ನು ಕಂಡ, ದ್ವೀಪದಿಂದ ಬಂದ ಜನ ಅದನ್ನು ತೊಟ್ಟಿಯೆಂದರು. ಎರಡರಲ್ಲಿ ಅತಿಶಯೋಕ್ತಿ ಯಾವುದು, ಅಲ್ಪೋಕ್ತಿ ಯಾವುದು ಎಂಬುದನ್ನು ಅಲಂಕಾರಶಾಸ್ತ್ರಜ್ಞರಿಗೆ ಬಿಡಬಹುದು.

ಆದರೆ ಹೆಸರಿನ ಹಿರಿಮೆಗಿಂತ ಮುಖ್ಯವಾದ ವಿಷಯ ಬೇರೊಂದಿದೆ. ಕೆರೆಯೆಂದರೆ ನೀರು ಮಾತ್ರವಲ್ಲ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ತೂಬನ್ನೆತ್ತಿ ಗದ್ದೆಗದ್ದೆಗೂ ಪಾಲು ಹಂಚುವ ನೀರುಗಂಟಿ, ಇವೆಲ್ಲ ಸೇರಿ ಕೆರೆ. ಲೂಯಿಸ್ ರೈಸರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳದು. ಕೆರೆ ಕಟ್ಟಿಸಿದವನಿಗೆ, ಒಡೆದುದನ್ನು ಸರಿಪಡಿಸಿದವನಿಗೆ, ಆ ಕೆರೆಯ ಕೆಳಗಿನ ಗದ್ದೆಯಲ್ಲೇ ಪಾಲು ಬಿಟ್ಟುಕೊಡುವ ದಶವಂದದಂತಹ ದತ್ತಿಗಳು ಅದರಲ್ಲಿ ಬರುತ್ತವೆ. ಕೆರೆ ತುಂಬಿದರೆ ದತ್ತಿ ಪಡೆದವನ ಕಣಜವೂ ತುಂಬುವುದು. ಹೂಳು ತುಂಬಿದರೆ ಅವನಿಗೂ ಉಪವಾಸ. ಇದಕ್ಕಿಂತ ಚೊಕ್ಕವಾದ ಕರಾರನ್ನು ಯಾವ ವಕೀಲರೂ ಬರೆಯಲಾರರು. ರೈಸರ ಇಂಗ್ಲಿಷ್ ಅನುವಾದದಲ್ಲಿ ಈ ಕೆರೆಗಳೆಲ್ಲ ಟ್ಯಾಂಕುಗಳಾಗಿವೆ. ಅವರನ್ನು ಆಕ್ಷೇಪಿಸುವಂತಿಲ್ಲ, ಆ ಹೊತ್ತಿಗೆ ಬೇರೆ ಮಾತು ಇರಲಿಲ್ಲ.

ಇದಕ್ಕೂ ಮೇಲಾದುದು ಕೆರೆಗಳ ಸಾಲು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ, ಹೀಗೆ ಹಾರದ ಮಣಿಗಳಂತೆ ಪಾಲಾರಿನ ಕಣಿವೆಯುದ್ದಕ್ಕೂ, ದಕ್ಷಿಣ ಪಿನಾಕಿನಿಯ ಕಣಿವೆಯುದ್ದಕ್ಕೂ ಕೆರೆಗಳು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾಗುವುದಕ್ಕೆ ಮುಂಚಿನ ಕೋಲಾರ ಜಿಲ್ಲೆಯಲ್ಲಿ ಅವುಗಳ ಸಂಖ್ಯೆ 4,000ವನ್ನು ಮೀರಿದ್ದಿತು. ಇದನ್ನು ಚೆನ್ನಾಗಿ ಕಂಡವನು ಒಬ್ಬ ಇಂಗ್ಲಿಷಿನವನೇ ಎಂಬುದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. 19ನೆಯ ಶತಮಾನದ ನಡುವಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಸ್ಥಳ ಹುಡುಕುವುದೇ ಒಂದು ಜಾಣತನದ ಕೆಲಸವಾದೀತೆಂದೂ, ಹುಡುಕಿ ಕಟ್ಟಿದರೆ ಅದು ಕೆಳಗಿನ ಇನ್ನೊಂದು ಕೆರೆಯ ನೀರನ್ನು ಕಸಿದುಕೊಳ್ಳುವುದೆಂದೂ ಬರೆದಿಟ್ಟನು. ಅವನ ಕಲಮು ಟ್ಯಾಂಕ್ ಎಂದೇ ಬರೆಯಿತು. ಕಣ್ಣು ಮಾತ್ರ ಕೆರೆಯನ್ನು ಕಂಡಿತು.

ಎಲ್ಲರ ಕಣ್ಣೂ ಹಾಗಿರಲಿಲ್ಲ. ಮಾತು ಪಾತ್ರೆಯನ್ನು ಸೂಚಿಸಿದರೆ ಮನಸ್ಸೂ ಪಾತ್ರೆಗಳನ್ನೇ ಎಣಿಸತೊಡಗುತ್ತದೆ: ಇಂತಹ ಊರಿನಲ್ಲಿ ಟ್ಯಾಂಕ್ ಇಷ್ಟು, ವಿಸ್ತೀರ್ಣ ಇಷ್ಟು, ಕಂದಾಯ ಇಷ್ಟು. ಎರಡು ಕೆರೆಗಳ ನಡುವಣ ಕಾಲುವೆ ಯಾವ ಅಂಕಣಕ್ಕೂ ಸರಿಯಾಗಿ ಸೇರದು. ಲೆಕ್ಕದ ಪುಸ್ತಕದಲ್ಲಿ ಒಡೆಯನಿಲ್ಲದುದಕ್ಕೆ ಹೊರಗೆ ಒಡೆಯರು ಬೇಗ ಹುಟ್ಟಿಕೊಳ್ಳುತ್ತಾರೆ. ಹೀಗೆ ಕಾಲುವೆ ಹೊಲವಾಯಿತು, ಹೊಲ ನಿವೇಶನವಾಯಿತು. ನೀರು ಬರುವ ಇಳಿಜಾರುಗಳಲ್ಲಿ ನೀಲಗಿರಿಯ ತೋಪುಗಳು ಎದ್ದುವು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ಮಾಲೂರಿನ ಕಡೆ ಕೆರೆಯ ಜೇಡಿ ಹೆಂಚಾಗಿ ಇಟ್ಟಿಗೆಯಾಗಿ ಮನೆಗಳ ಮೇಲೇರಿತು. ಟ್ಯಾಂಕುಗಳ ಸಂಖ್ಯೆ ಮಾತ್ರ ದಫ್ತರದಲ್ಲಿ ಹಾಗೆಯೇ ಉಳಿಯಿತು. ಇದಕ್ಕೆಲ್ಲ ಒಂದು ಪರಭಾಷೆಯ ಮಾತೇ ಕಾರಣವೆಂದರೆ ಹಾಸ್ಯಾಸ್ಪದವಾದೀತು; ಆಸೆಗೆ ಅನುವಾದದ ನೆರವು ಬೇಕಿಲ್ಲ. ಆದರೆ ಆ ಮಾತು ಆಸೆಗೆ ಅಡ್ಡಿಯನ್ನಂತೂ ಮಾಡಲಿಲ್ಲ.

ಮಾತಿನ ಅರ್ಥವೇ ನೀರಿನ ಹಕ್ಕನ್ನು ನಿರ್ಣಯಿಸಿದ ಸಂದರ್ಭವೂ ಒಂದುಂಟು. 1892ರಲ್ಲಿ ಮೈಸೂರಿಗೂ ಮದರಾಸಿಗೂ ನದಿಗಳ ವಿಷಯವಾಗಿ ಒಪ್ಪಂದವಾಯಿತು. ಅದರ ಪಟ್ಟಿಯಲ್ಲಿ ಪಾಲಾರೂ ಸೇರಿದ್ದಿತು. ಮದರಾಸಿನ ಸಮ್ಮತಿಯಿಲ್ಲದೆ ಮೈಸೂರು ಹೊಸ ಜಲಾಶಯಗಳನ್ನು ಕಟ್ಟಕೂಡದೆಂದಾಯಿತು. ‘ಹೊಸತು’ ಎಂದರೇನು? ಹಿಂದೆ ಎಂದೂ ಇಲ್ಲದಿದ್ದುದು ಹೊಸತೆಂಬುದೇನೋ ಸರಿ. ಹಿಂದೆ ಇದ್ದು 30 ವರ್ಷಕ್ಕೆ ಮೀರಿ ಪಾಳುಬಿದ್ದುದೂ ಹೊಸತೇ ಎಂದು ಬರೆದುಕೊಂಡರು. ಅಜ್ಜನ ಕಾಲದಲ್ಲಿ ಒಡೆದ ಕೆರೆಯನ್ನು ಮೊಮ್ಮಗ ಕಟ್ಟಹೊರಟರೆ, ಏರಿಯ ಕಲ್ಲುಗಳು ಕಣ್ಣೆದುರಿಗಿದ್ದರೂ, ಕಾಗದದ ಮೇಲೆ ಅದು ಹುಟ್ಟಿಯೇ ಇಲ್ಲದ ಕೆರೆ.

ಇನ್ನು ‘ಕೋಡಿ’ ಎಂಬ ಮಾತು. ಟ್ಯಾಂಕಿಗೂ ಕೆರೆಗೂ ಇರುವ ಅಂತರವೆಲ್ಲ ಅದರಲ್ಲಿ ಇದೆಯೆನ್ನಬಹುದು. ಮಾಳಿಗೆಯ ಮೇಲಿನ ಟ್ಯಾಂಕು ತುಂಬಿ ಹೊರಚೆಲ್ಲಿದರೆ ಮನೆಯಲ್ಲಿ ಗದ್ದಲ. ‘ಅಯ್ಯೋ, ನೀರೆಲ್ಲಾ ಹೋಯಿತಲ್ಲಾ, ಮೋಟಾರು ಆರಿಸಿರೋ!’ ಎಂದು ಅಮ್ಮ ಕೂಗುತ್ತಾಳೆ. ಮೋಟಾರಿನ ಗುಂಡಿಯೊತ್ತಿ ಮರೆತು ಕುಳಿತವನಿಗೆ ಆ ದಿನವೆಲ್ಲ ಮಾತು ತಪ್ಪದು. ಕೆರೆ ತುಂಬಿ ಹೊರಬಿದ್ದರೆ ಊರಿಗೆ ಹಬ್ಬ. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನ ಪೂಜೆಗೆ ಹೋಗುತ್ತಾರೆ, ಬಾಗಿನ ಬಿಡುತ್ತಾರೆ, ಮಕ್ಕಳು ಕೋಡಿಯ ಕಲ್ಲುಗಳ ಮೇಲೆ ನೀರು ಬೀಳುವುದನ್ನು ನೋಡಲು ಓಡುತ್ತಾರೆ. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಬಹುವರ್ಷಗಳ ಮೇಲೆ ಕೋಡಿ ಹೋದಾಗ, ಕೋಡಿಯನ್ನು ಕಂಡೇ ಇರದ ಹುಡುಗರು ಅದನ್ನು ಮೊದಲ ಸಲ ನೋಡಿದರು. ಎರಡು ಕಡೆಯೂ ನಡೆದುದು ಒಂದೇ: ತುಂಬಿದುದು ಚೆಲ್ಲಿತು. ಒಂದು ಕಡೆ ನಷ್ಟ, ಇನ್ನೊಂದು ಕಡೆ ಭಾಗ್ಯ. ಟ್ಯಾಂಕಿನಿಂದ ಹೊರಬಿದ್ದುದು ಚರಂಡಿಗೆ ಹೋಗುತ್ತದೆ. ಕೆರೆಯಿಂದ ಹೊರಬಿದ್ದುದು ಮುಂದಿನ ಊರಿಗೆ ಹೋಗುತ್ತದೆ. ಕೆಳಗಿನ ಊರಿನವರು ತಮ್ಮ ಕೆರೆಗೆ ನೀರು ಬರುವ ದಿನವನ್ನು ಮೇಲಿನ ಊರಿನ ಕೋಡಿಯಿಂದಲೇ ಎಣಿಸುತ್ತಿದ್ದರು. ‘ಕೋಡಿ’ಗೆ ಸರಿಹೊಂದುವ ಮಾತು ಎಂಜಿನಿಯರುಗಳ ಇಂಗ್ಲಿಷಿನಲ್ಲಿ ಉಂಟು, ಅದರಲ್ಲಿ ತಂಬಿಟ್ಟಿನ ದೀಪವಿಲ್ಲ.

ಟ್ಯಾಂಕ್ ಎಂಬ ಮಾತು ಇಂಗ್ಲಿಷಿನಲ್ಲಿಯೂ ಸುಮ್ಮನೆ ಕುಳಿತಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿ ಉಕ್ಕಿನ ಯುದ್ಧರಥಗಳನ್ನು ಗುಟ್ಟಾಗಿ ಕಟ್ಟುತ್ತಿದ್ದರು. ಗುಟ್ಟು ಹೊರಬೀಳದಿರಲೆಂದು ಅವು ನೀರು ಸಾಗಿಸುವ ತೊಟ್ಟಿಗಳೆಂದು ಸುದ್ದಿ ಹಬ್ಬಿಸಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅವು ಹೊರಬಂದಾಗ ಸುಳ್ಳು ಹೆಸರೇ ನಿಜವಾದ ಹೆಸರಾಗಿ ನಿಂತಿತು. ಗುಜರಾತಿನ ಮನೆಯಂಗಳದ ತಂಪು ನೀರಿನ ಗೂಡು ಹೀಗೆ ಬೆಂಕಿಯುಗುಳುವ ರಥವಾಯಿತು. ಪಟ್ಟಣದೊಳಕ್ಕೆ ಟ್ಯಾಂಕುಗಳು ನುಗ್ಗಿದುವೆಂದು ವೃತ್ತಪತ್ರಿಕೆಯಲ್ಲಿ ಓದಿದ ಕೋಲಾರದ ಹುಡುಗನಿಗೆ ಕೆರೆ ಒಡೆಯಿತೆಂದು ತೋರಿದರೆ ಅವನನ್ನು ದಡ್ಡನೆನ್ನಲಾಗದು. ಆ ರಥದ ಚಕ್ರವನ್ನು ಸುತ್ತುವ ಸರಪಳಿಪಟ್ಟಿಯ ಮೇಲೆಯೇ ಬುಲ್ಡೋಜರೂ ನಡೆಯುತ್ತದೆ. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆ ಚಿನ್ನದ ಗಣಿಯ ಊರಿನಲ್ಲಿ ಅಂತಹ ಯಂತ್ರಗಳನ್ನು ಮಾಡುತ್ತಿದೆ. ಕೆರೆಯ ಹೂಳೆತ್ತುವುದಕ್ಕೂ, ಏರಿಯನ್ನು ನೆಲಸಮಮಾಡುವುದಕ್ಕೂ ಬುಲ್ಡೋಜರು ಒಂದೇ. ಮೇಲೆ ಕುಳಿತವನಿಗೆ ಬಂದ ಆಜ್ಞೆಯಷ್ಟೇ ಬೇರೆ.

ಮಾತಿಗೆ ಮುಂದೆ ಚಕ್ರವೂ ಬಂದಿತು. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಮೀರಿ ಇಳಿದು, ಮೇಲೆ ಬಂದ ನೀರಿನಲ್ಲಿ ಫ್ಲೋರೈಡು ಸೇರಿದ ಮೇಲೆ, ಬೇಸಗೆಯ ಹಳ್ಳಿಗಳು ದಾರಿ ಕಾಯುವುದು ಟ್ಯಾಂಕರಿಗೆ. ಟ್ರಾಕ್ಟರಿನ ಹಿಂದೆ ಅದು ಬಂದರೆ ಬೀದಿಯುದ್ದಕ್ಕೂ ಬಿಂದಿಗೆಗಳ ಸಾಲು. ಊರಿನ ಮಧ್ಯದಲ್ಲಿ ಕರಿಯ ಪ್ಲಾಸ್ಟಿಕ್ಕಿನ ಚಿಕ್ಕ ಟ್ಯಾಂಕು; ಬಹಳ ಕಡೆ ಅದನ್ನು ಸಿಂಟೆಕ್ಸ್ ಎಂದು ತಯಾರಿಕೆಯ ಹೆಸರಿನಿಂದಲೇ ಕರೆಯುತ್ತಾರೆ. ಆ ಸರಕು 1970ರ ದಶಕದಲ್ಲಿ ಮೊದಲು ಹೊರಟುದು ಗುಜರಾತಿನ ಕಲೋಲಿನಿಂದ. ಹೆಸರು ಹೊರಟ ಸೀಮೆಯಿಂದಲೇ ಪಾತ್ರೆಯೂ ಹೊರಟುಬಂದಿತು. ಹಳೆಯ ನೀರುಗಂಟಿಯೂ ಉಳಿದುಕೊಂಡಿದ್ದಾನೆ. ಗ್ರಾಮಪಂಚಾಯಿತಿಯ ನೌಕರನಿಗೆ ಇಂದೂ ಆ ಹೆಸರಿದೆ. ತೂಬಿನ ಬದಲು ಅವನ ಕೈಯಲ್ಲಿರುವುದು ಮೋಟಾರಿನ ಗುಂಡಿ.

ಈ ನಡುವೆ ಬೆಂಗಳೂರಿನವರು ಕೆರೆಗೆ ಮತ್ತೊಂದು ಇಂಗ್ಲಿಷ್ ಹೆಸರನ್ನು ಹುಡುಕಿಕೊಂಡರು: ‘ಲೇಕ್’. ಟ್ಯಾಂಕ್ ಎಂದರೆ ಬೇಸಾಯದ ವಾಸನೆ. ಲೇಕ್ ಎಂದರೆ ಸಂಜೆಯ ವಿಹಾರ, ಎದುರಿನ ಮನೆಗೆ ಹೆಚ್ಚು ಬೆಲೆ. ಕೋಲಾರದಿಂದ ಹೋಗಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಯುವವರು ಕಾಲಿಡುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿಯೇ. ಕೆರೆ ಹೋಯಿತು; ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆಯೆಂಬ ಹೆಸರು ಮಾತ್ರ ಉಳಿದಿದೆ. ಸರ್ಕಾರಕ್ಕೂ ಈ ಎರಡು ಮಾತುಗಳ ನಡುವೆ ತೂಗಾಟ ತಪ್ಪಲಿಲ್ಲ. 2014ರ ಕಾಯಿದೆಯಿಂದ ಹುಟ್ಟಿದ ಪ್ರಾಧಿಕಾರದ ಇಂಗ್ಲಿಷ್ ಹೆಸರಿನಲ್ಲಿ ಲೇಕ್ ಎಂದಿದ್ದಿತು. 2018ರಲ್ಲಿ ಅದನ್ನು ಬದಲಿಸಿ ಟ್ಯಾಂಕ್ ಎಂದರು. ಕನ್ನಡದ ಹೆಸರಿನಲ್ಲಿ ತಿದ್ದುವುದಕ್ಕೇನೂ ಇರಲಿಲ್ಲ. ಅದು ಮೊದಲೂ ಕೆರೆ, ಆಮೇಲೂ ಕೆರೆ. ಇಂಗ್ಲಿಷ್ ಮಾತು ಬಂದ ಕಡೆಯೆಲ್ಲ ಅನುವಾದಕರು ಸೋತರೆಂದೂ ಹೇಳಕೂಡದು. ‘ಥಿಂಕ್ ಟ್ಯಾಂಕ್’ ಎಂಬುದನ್ನು ಆಲೋಚನೆಯ ತೊಟ್ಟಿಯೆನ್ನದೆ ‘ಚಿಂತಕರ ಚಾವಡಿ’ ಎಂದ ಪತ್ರಿಕೆಯವರ ಜಾಣ್ಮೆಯನ್ನು ಮೆಚ್ಚಬೇಕು.

2018ರ ಜೂನ್ ತಿಂಗಳಲ್ಲಿ ಕೋಲಾರದ ಕೆರೆಗಳಿಗೆ ಹೊಸಬಗೆಯ ನೀರು ಬಂದಿತು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೊಳವೆಯಲ್ಲಿ ಲಕ್ಷ್ಮೀಸಾಗರಕ್ಕೆ ತಂದು ಬಿಟ್ಟರು. ದಿನಕ್ಕೆ 44 ಕೋಟಿ ಲೀಟರು, 126 ಕೆರೆ ಎಂಬುದು ಯೋಜನೆಯ ಗುರಿ. ನೀರಿನಲ್ಲಿ ನೊರೆಯನ್ನು ಕಂಡು ಜನ ಬೆದರಿದರು. ವಾದ ನ್ಯಾಯಾಲಯಕ್ಕೂ ಹೋಯಿತು. ಹಾಗಿದ್ದರೂ ಎಷ್ಟೋ ವರ್ಷ ಬಿರಿದು ಬಿದ್ದಿದ್ದ ಅಂಗಳಗಳಲ್ಲಿ ನೀರು ಕಂಡು ಹಿಗ್ಗಿದವರೂ ಬಹುಮಂದಿ. ಇದು ಅಂತರ್ಜಲ ಹೆಚ್ಚುವುದಕ್ಕಾಗಿ ಬಿಟ್ಟ ನೀರು, ನೇರವಾಗಿ ಎತ್ತಿ ಬಳಸುವುದಕ್ಕಲ್ಲ ಎಂಬುದು ಕಟ್ಟಳೆ. ಅಂದಮೇಲೆ ತೂಬಿಗೆ ಕೆಲಸವಿಲ್ಲ. ನೀರನ್ನು ತುಂಬಿಡುವುದಷ್ಟೇ ಕೆಲಸ. ಇಂಗ್ಲಿಷಿನ ಟ್ಯಾಂಕ್ ಎಂಬ ಮಾತಿಗೆ ಕೆರೆ ಇಷ್ಟು ಸರಿಯಾಗಿ ಹಿಂದೆ ಎಂದೂ ಹೊಂದಿರಲಿಲ್ಲ. ಆದರೆ ಆ ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಲು ಹಳೆಯ ಸಾಲೇ ಬೇಕಾಯಿತು. ಮೇಲಿನದು ತುಂಬಿ ಕೋಡಿ ಬಿದ್ದ ಹೊರತು ಕೆಳಗಿನದಕ್ಕೆ ನೀರಿಲ್ಲ. ನಡುವೆ ಕಾಲುವೆ ಮುಚ್ಚಿದ್ದರೆ ಅದನ್ನು ತೆರೆಯದೆ ಗತಿಯಿಲ್ಲ. ತೂಬು ಮುಚ್ಚಿ ಕೋಡಿ ಮಾತ್ರ ಹರಿಯುವ ಇಂತಹುದನ್ನು ಏನೆಂದು ಕರೆಯಬೇಕೋ ಕೋಶಗಳು ಹೇಳುವುದಿಲ್ಲ. ಊರಿನವರು ಕೆರೆಯೆಂದೇ ಕರೆಯುತ್ತಾರೆ. ಮಳೆಯಿಲ್ಲದೆ, ಬೆಂಗಳೂರಿನ ಬಚ್ಚಲುಗಳಿಂದ ಬಂದು ಕೋಡಿ ಹೋದ ನೀರಿಗೆ ಗಂಗಮ್ಮನೆಂದು ದೀಪ ಹೊರಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಬೇಕಾದವರು ತಂಬಿಟ್ಟು ಮಾಡುವ ಹೆಂಗಸರು.